ಮನೋಚಿಕಿತ್ಸಕರ ವಿದ್ಯಾಭ್ಯಾಸ

ಶರೀರಕ್ಕೆ ವ್ಯಾಧಿ ಬಂದಾಗ ಯಾರ ಬಳಿಗೆ ಹೋಗಬೇಕೆಂಬುದನ್ನು ನಮ್ಮಲ್ಲಿ ಎಳೆಯ ಮಕ್ಕಳೂ ಬಲ್ಲರು. ಮನಸ್ಸಿಗೆ ವ್ಯಾಧಿ ಬಂದಾಗ ಯಾರ ಬಳಿಗೆ ಹೋಗಬೇಕೆಂಬುದನ್ನು ಹಿರಿಯರೂ ಅರಿಯರು. ದೇವರಿಗೆ ಹರಕೆ, ಮಂತ್ರವಾದಿಯ ತಾಯಿತ, ಬಂಧುಗಳ ಬುದ್ಧಿವಾದ, ಕಡೆಗೆ ದೂರದ ಆಸ್ಪತ್ರೆ, ಹೀಗೆ ಒಂದಾದ ಮೇಲೊಂದು ಬಾಗಿಲನ್ನು ತಟ್ಟುವುದು ನಮ್ಮ ಸಂಸಾರಗಳಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮ. ಈಚಿನ ವರ್ಷಗಳಲ್ಲಿ ಇದರೊಡನೆ ಇನ್ನೊಂದು ಪ್ರಶ್ನೆಯೂ ಮನೆಗಳನ್ನು ಪ್ರವೇಶಿಸಿದೆ. ಮನಶ್ಶಾಸ್ತ್ರದಲ್ಲಿ ಪದವಿಯನ್ನು ಪಡೆದ ಮಗನೋ ಮಗಳೋ, ತಾನು ಮನೋಚಿಕಿತ್ಸೆಯನ್ನೇ ವೃತ್ತಿಯಾಗಿ ಹಿಡಿಯಬೇಕೆಂದಿರುವುದಾಗಿಯೂ, ಅದಕ್ಕೆ ಯಾವ ವಿದ್ಯಾಲಯವನ್ನು ಸೇರಿ ಯಾವ ಪಾಠಕ್ರಮವನ್ನು ಓದಬೇಕೆಂದೂ ಕೇಳಿದರೆ, ಉತ್ತರ ಹೇಳುವುದು ತಂದೆತಾಯಿಗಳಿಗೆ ಸುಲಭವಲ್ಲ. ವಕೀಲನಾಗತಕ್ಕವನಿಗೆ ಕಾನೂನು ಕಾಲೇಜಿದೆ. ವೈದ್ಯನಾಗತಕ್ಕವನಿಗೆ ವೈದ್ಯಕೀಯ ಕಾಲೇಜಿದೆ. ಈ ವೃತ್ತಿಗೆ ಮಾತ್ರ ದಾರಿಗಳೂ ಹಲವು, ಪದವಿಗಳ ಹೆಸರುಗಳೂ ಹಲವು. ಈ ಗೊಂದಲವು ಆಕಸ್ಮಿಕವಾದುದಲ್ಲ. ಅದಕ್ಕೆ ನೂರು ವರ್ಷಗಳಿಗೂ ಮಿಕ್ಕ ಇತಿಹಾಸವುಂಟು. ಆ ಇತಿಹಾಸವನ್ನು ಸಂಗ್ರಹವಾಗಿ ವಾಚಕರ ಮುಂದಿಟ್ಟು, ಅದರಿಂದ ಇಂದಿನ ವಿದ್ಯಾರ್ಥಿಗೆ ದೊರೆಯುವ ಬೆಳಕೇನೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರುಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ವೈದ್ಯಕೀಯ ಪದವಿಯನ್ನು ಪಡೆದು, ಅನಂತರ ಮನೋರೋಗಗಳಲ್ಲಿ ವಿಶೇಷ ವ್ಯಾಸಂಗವನ್ನು ಮಾಡಿದವನು ಮನೋವೈದ್ಯನು. ಔಷಧವನ್ನು ಬರೆದುಕೊಡುವ ಅಧಿಕಾರ ಅವನದು. ಮನಶ್ಶಾಸ್ತ್ರವನ್ನು ಓದಿ, ಆಸ್ಪತ್ರೆಯಲ್ಲಿ ರೋಗಿಗಳ ಪರೀಕ್ಷೆಯನ್ನೂ ಮಾತಿನ ಚಿಕಿತ್ಸೆಯನ್ನೂ ಕಲಿತವನು ಚಿಕಿತ್ಸಾ ಮನಶ್ಶಾಸ್ತ್ರಜ್ಞನು. ಸಮಾಜಸೇವಾ ಶಾಸ್ತ್ರವನ್ನು ಓದಿ, ರೋಗಿಯ ಮನೆ, ಬಂಧುಗಳು, ಜೀವನೋಪಾಯ ಇವುಗಳ ಕಡೆಯಿಂದ ರೋಗವನ್ನು ನೋಡುವವನು ಮನೋರೋಗ ಸಮಾಜಕಾರ್ಯಕರ್ತನು. ಶಾಲೆ, ಕಾಲೇಜು, ಕಾರ್ಖಾನೆಗಳಲ್ಲಿ ಕಷ್ಟದಲ್ಲಿರುವವರ ಮಾತನ್ನು ಕೇಳಿ ದಾರಿ ತೋರುವವನು ಆಪ್ತಸಲಹೆಗಾರನು. ಈ ನಾಲ್ವರೂ ಮಾತಿನಿಂದ ಮನಸ್ಸನ್ನು ಸಂತೈಸುವವರೇ ಆದರೂ, ಇವರು ಹಾದುಬಂದ ವಿದ್ಯಾಭ್ಯಾಸದ ದಾರಿಗಳು ಬೇರೆ ಬೇರೆ. ಈ ಭೇದವು ಹೇಗೆ ಹುಟ್ಟಿತೆಂಬುದೇ ನಮ್ಮ ಕಥೆಯ ಮೊದಲ ಭಾಗ.

೧೮೭೯ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ವಿಲ್ಹೆಲ್ಮ್ ವುಂಟ್ ಎಂಬ ಪಂಡಿತನು ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ಸ್ಥಾಪಿಸಿದನು. ಅಲ್ಲಿ ನಡೆಯುತ್ತಿದ್ದುದು ಚಿಕಿತ್ಸೆಯಲ್ಲ, ಅಳತೆ. ಬೆಳಕು ಕಣ್ಣಿಗೆ ಬಿದ್ದ ಎಷ್ಟು ಹೊತ್ತಿಗೆ ಕೈ ಅಲುಗುವುದು, ಎರಡು ಶಬ್ದಗಳ ನಡುವಣ ಎಷ್ಟು ಅಂತರವನ್ನು ಕಿವಿ ಗುರುತಿಸುವುದು ಎಂಬಂತಹ ಶೋಧನೆಗಳಿಗೆ ಅದು ಮೀಸಲಾಗಿದ್ದಿತು. ಆ ವುಂಟನ ಶಿಷ್ಯನೇ ಆದ ಲೈಟ್ನರ್ ವಿಟ್ಮರ್ ಎಂಬ ಅಮೆರಿಕನ್ ಅಧ್ಯಾಪಕನು ೧೮೯೬ರಲ್ಲಿ ಫಿಲಡೆಲ್ಫಿಯದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಒಂದು ಹೊಸ ಪದ್ಧತಿಗೆ ನಾಂದಿ ಹಾಡಿದನು. ಅವನ ಬಳಿಗೆ ಮೊದಲು ಬಂದವನು, ಬುದ್ಧಿಯಿದ್ದೂ ಅಕ್ಷರಗಳ ಕಾಗುಣಿತವನ್ನು ಸರಿಯಾಗಿ ಕಲಿಯಲಾರದೆ ಹೋದ ಒಬ್ಬ ಹುಡುಗ. ಶಾಸ್ತ್ರವು ಸತ್ಯವಾಗಿದ್ದರೆ ಅದು ಈ ಹುಡುಗನಿಗೆ ಉಪಯೋಗಕ್ಕೆ ಬರಬೇಕು ಎಂಬುದು ವಿಟ್ಮರನ ವಾದ. ೧೯೦೭ರಲ್ಲಿ ಅವನು ಈ ವಿದ್ಯೆಗೆ ‘ಚಿಕಿತ್ಸಾ ಮನಶ್ಶಾಸ್ತ್ರ’ ಎಂಬ ಅರ್ಥದ ಹೆಸರನ್ನಿಟ್ಟನು. ಪ್ರಯೋಗಶಾಲೆಯ ವಿದ್ಯೆಯು ಹೀಗೆ ರೋಗಿಯ ಬಳಿಗೆ ಮೊದಲ ಹೆಜ್ಜೆಯನ್ನಿಟ್ಟಿತು.

ಇದೇ ಕಾಲದಲ್ಲಿ ವಿಯೆನ್ನಾದಲ್ಲಿ ಸಿಗ್ಮಂಡ್ ಫ್ರಾಯ್ಡನು ಮನೋವಿಶ್ಲೇಷಣೆಯೆಂಬ ಚಿಕಿತ್ಸೆಯನ್ನು ಬೆಳೆಸುತ್ತಿದ್ದನು. ಅವನ ಸಿದ್ಧಾಂತಗಳಲ್ಲಿ ಎಷ್ಟು ನಿಂತವು, ಎಷ್ಟು ಬಿದ್ದವು ಎಂಬ ಚರ್ಚೆ ಇಲ್ಲಿ ಅಪ್ರಸ್ತುತ. ಆದರೆ ಚಿಕಿತ್ಸಕನನ್ನು ಸಿದ್ಧಗೊಳಿಸುವ ಬಗೆಯಲ್ಲಿ ಆ ಪಂಥದವರು ಕಂಡುಕೊಂಡ ಒಂದು ವ್ಯವಸ್ಥೆಯು ಈ ವೃತ್ತಿಯ ಮೇಲೆ ಅಳಿಸದ ಮುದ್ರೆಯನ್ನೊತ್ತಿದೆ. ೧೯೨೦ರಲ್ಲಿ ಮ್ಯಾಕ್ಸ್ ಐಟಿಂಗೊನ್ ಮೊದಲಾದವರು ಬರ್ಲಿನ್ ನಗರದಲ್ಲಿ ಬಡವರಿಗೂ ಚಿಕಿತ್ಸೆ ದೊರೆಯುವಂತಹ ಒಂದು ಆರೋಗ್ಯಶಾಲೆಯನ್ನು ತೆರೆದರು. ಅದರೊಡನೆ ಬೆಳೆದ ಶಿಕ್ಷಣಕ್ರಮಕ್ಕೆ ಮೂರು ಅಂಗಗಳು: ಶಿಷ್ಯನು ಮೊದಲು ತಾನೇ ಚಿಕಿತ್ಸೆಗೆ ಒಳಗಾಗಿ ತನ್ನ ಮನಸ್ಸನ್ನರಿಯುವುದು, ಶಾಸ್ತ್ರದ ಉಪನ್ಯಾಸಗಳನ್ನು ಕೇಳುವುದು, ಅನುಭವಿಯಾದ ಗುರುವಿನ ಮೇಲ್ವಿಚಾರಣೆಯಲ್ಲಿ ರೋಗಿಗಳಿಗೆ ಚಿಕಿತ್ಸೆಯನ್ನು ನಡೆಸುವುದು. ಮೊದಲಿನ ಅಂಗವನ್ನು ಮುಂದಿನ ಹಲವು ಪಂಥಗಳು ಕೈಬಿಟ್ಟವು. ಮೂರನೆಯ ಅಂಗವನ್ನು ಯಾವ ಪ್ರಬಲ ಪಂಥವೂ ಕೈಬಿಡಲಿಲ್ಲ. ವಾಚಕರು ಇದನ್ನು ನೆನಪಿನಲ್ಲಿಡಬೇಕು. ಮುಂದೆ ಇದೇ ಮಾತು ನಮ್ಮ ದೇಶದ ಕಾನೂನಿನಲ್ಲಿಯೂ ಕಾಣಿಸಿಕೊಳ್ಳಲಿದೆ.

ವೈದ್ಯನಲ್ಲದವನು ಚಿಕಿತ್ಸೆಯನ್ನು ಮಾಡಬಹುದೆ? ಈ ಪ್ರಶ್ನೆಯು ೧೯೨೬ರ ಹೊತ್ತಿಗೆ ವಿಯೆನ್ನಾದಲ್ಲಿ ನ್ಯಾಯದ ಕಟ್ಟೆಯನ್ನು ಹತ್ತಿತು. ಥಿಯೊಡೋರ್ ರೈಕ್ ಎಂಬುವನು ಫ್ರಾಯ್ಡನ ಶಿಷ್ಯ. ಅವನು ವೈದ್ಯಕೀಯವನ್ನು ಓದಿದವನಲ್ಲ. ಫ್ರೆಂಚ್ ಕಾದಂಬರಿಕಾರನಾದ ಫ್ಲೋಬೇರನ ಕೃತಿಯೊಂದರ ಮೇಲೆ ಪ್ರಬಂಧವನ್ನು ಬರೆದು ಡಾಕ್ಟರೇಟ್ ಪಡೆದವನು. ಅವನಿಂದ ಚಿಕಿತ್ಸೆ ಪಡೆದವನೊಬ್ಬನ ದೂರಿನ ಮೇಲೆ, ನಕಲಿ ವೈದ್ಯರನ್ನು ತಡೆಯುವ ಕಾನೂನಿನನ್ವಯ ರೈಕನ ಮೇಲೆ ವಿಚಾರಣೆ ಆರಂಭವಾಯಿತು. ಕಡೆಗೆ ಅದು ನಿಲ್ಲಲಿಲ್ಲ. ಆದರೆ ಆ ನಿಮಿತ್ತದಿಂದ ಫ್ರಾಯ್ಡನು ಒಂದು ಸಣ್ಣ ಪುಸ್ತಕವನ್ನೇ ಬರೆದನು. ತಾನು ಸ್ವತಃ ವೈದ್ಯನಾಗಿದ್ದರೂ ಅವನು ಮಂಡಿಸಿದ ವಾದವು ವೈದ್ಯರಿಗೆ ಪ್ರಿಯವಾಗತಕ್ಕದ್ದಾಗಿರಲಿಲ್ಲ. ವಿದ್ಯೆಯನ್ನು ಕ್ರಮವಾಗಿ ಕಲಿಯದೆ ಚಿಕಿತ್ಸೆಗೆ ಕೈಹಾಕುವವನೇ ನಕಲಿ, ಅವನಲ್ಲಿ ವೈದ್ಯಕೀಯ ಪದವಿಯಿದ್ದರೂ ಅವನು ನಕಲಿಯೇ ಎಂಬುದು ಆ ವಾದದ ತಿರುಳು. ಈ ವಿದ್ಯೆಗೆ ಆದರ್ಶವಾದ ಕಾಲೇಜೊಂದು ಹುಟ್ಟಿದರೆ ಅಲ್ಲಿ ಜೀವಶಾಸ್ತ್ರದೊಡನೆ ನಾಗರಿಕತೆಯ ಇತಿಹಾಸ, ಪುರಾಣಗಳು, ಧರ್ಮದ ಮನಶ್ಶಾಸ್ತ್ರ, ಸಾಹಿತ್ಯ ಇವುಗಳೂ ಪಾಠಗಳಾಗಬೇಕೆಂದು ಅವನು ಬಯಸಿದನು. ಸಾಹಿತ್ಯಾಭಿಮಾನಿಗಳಿಗೆ ಈ ಮಾತು ಸಂತೋಷವನ್ನುಂಟುಮಾಡದಿರದು.

ಅಮೆರಿಕದ ವೈದ್ಯರು ಈ ವಾದವನ್ನು ಒಪ್ಪಲಿಲ್ಲ. ೧೯೩೮ರಲ್ಲಿ ನಾಜಿಗಳ ಹಾವಳಿಯಿಂದ ತಪ್ಪಿಸಿಕೊಂಡು ನ್ಯೂಯಾರ್ಕಿಗೆ ಬಂದ ಅದೇ ರೈಕನಿಗೆ, ವೈದ್ಯನಲ್ಲವೆಂಬ ಒಂದೇ ಕಾರಣದಿಂದ ಅಲ್ಲಿಯ ಮನೋವಿಶ್ಲೇಷಕರ ಸಂಘವು ಪೂರ್ಣ ಸದಸ್ಯತ್ವವನ್ನು ಕೊಡಲಿಲ್ಲ. ಅವನು ೧೯೪೮ರಲ್ಲಿ ವೈದ್ಯರಲ್ಲದವರಿಗೂ ಶಿಕ್ಷಣ ಕೊಡುವ ಬೇರೊಂದು ಸಂಸ್ಥೆಯನ್ನೇ ಕಟ್ಟಿಕೊಂಡನು. ಒಂದೇ ವಿದ್ಯೆಗೆ ಹಲವು ಬಾಗಿಲುಗಳಾದದ್ದು ಹೀಗೆ.

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. ಬ್ರಜೇಂದ್ರನಾಥ ಸೀಲರು ೧೯೦೫ರಲ್ಲಿಯೇ ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕಾಗಿ ಪ್ರಾಯೋಗಿಕ ಮನಶ್ಶಾಸ್ತ್ರದ ಪಾಠಕ್ರಮವೊಂದನ್ನು ರಚಿಸಿದ್ದರು. ೧೯೧೬ರಲ್ಲಿ ಅಲ್ಲಿ ಮನಶ್ಶಾಸ್ತ್ರ ವಿಭಾಗವು ಏರ್ಪಟ್ಟು, ಅಮೆರಿಕದ ಹಾರ್ವರ್ಡಿನಲ್ಲಿ ಓದಿ ಬಂದ ನರೇಂದ್ರನಾಥ ಸೇನಗುಪ್ತರು ಅದರ ಹೊಣೆಯನ್ನು ಹೊತ್ತರು. ಅಲ್ಲಿಯ ಆರಂಭದ ವಿದ್ಯಾರ್ಥಿಗಳಲ್ಲಿ ಗಿರೀಂದ್ರಶೇಖರ ಬೋಸರು ಒಬ್ಬರು. ಅವರು ಆಗಲೇ ವೈದ್ಯವೃತ್ತಿಯಲ್ಲಿ ನೆಲೆನಿಂತವರು; ಆದರೂ ವೈದ್ಯವಿದ್ಯೆಯೊಂದೇ ಸಾಲದೆಂದು ಬಗೆದು ೧೯೧೭ರಲ್ಲಿ ಮನಶ್ಶಾಸ್ತ್ರದಲ್ಲಿ ಎಂ.ಎಸ್‌ಸಿ. ಪದವಿಯನ್ನೂ ೧೯೨೧ರಲ್ಲಿ ಡಿ.ಎಸ್‌ಸಿ. ಪದವಿಯನ್ನೂ ಪಡೆದರು. ೧೯೨೨ರಲ್ಲಿ ಅವರ ಮನೆಯಲ್ಲಿಯೇ ಭಾರತೀಯ ಮನೋವಿಶ್ಲೇಷಣ ಸಂಘವು ಹುಟ್ಟಿತು. ಅದರ ಮೊದಲ ಹದಿನೈದು ಮಂದಿ ಸದಸ್ಯರಲ್ಲಿ ಒಂಬತ್ತು ಮಂದಿ ಮನಶ್ಶಾಸ್ತ್ರ ಅಥವಾ ತತ್ತ್ವಶಾಸ್ತ್ರದ ಅಧ್ಯಾಪಕರು. ಅಮೆರಿಕದಲ್ಲಿ ವೈದ್ಯರು ಮುಚ್ಚಿದ ಬಾಗಿಲು ನಮ್ಮಲ್ಲಿ ಮೊದಲಿನಿಂದಲೂ ತೆರೆದೇ ಇದ್ದಿತೆಂಬುದಕ್ಕೆ ಇದೇ ಸಾಕ್ಷಿ. ೧೯೪೦ರಲ್ಲಿ ಆ ಸಂಘವು ಲುಂಬಿನಿ ಪಾರ್ಕ್ ಎಂಬ ಮಾನಸಿಕ ಆಸ್ಪತ್ರೆಯನ್ನೂ ಕಲ್ಕತ್ತೆಯಲ್ಲಿ ಸ್ಥಾಪಿಸಿತು.

ಕಲ್ಕತ್ತೆಗೆ ಪಾಠಕ್ರಮವನ್ನು ಬರೆದುಕೊಟ್ಟ ಸೀಲರೇ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಬಂದುದು ಕನ್ನಡನಾಡಿನ ಭಾಗ್ಯ. ಅವರ ಆಡಳಿತ ಕಾಲದಲ್ಲಿ, ೧೯೨೪ರಲ್ಲಿ, ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗವು ಆರಂಭವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಪ್ರಸಿದ್ಧ ಪ್ರಾಧ್ಯಾಪಕ ಸ್ಪಿಯರ್‌ಮನ್ನನ ಕೈಕೆಳಗೆ ಅಭ್ಯಾಸ ಮಾಡಿ ಬಂದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಗಳು. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ನಿಲಯವನ್ನು ಆರಂಭಿಸಿದ ಮಹನೀಯರೆಂದು ಅವರನ್ನು ಕನ್ನಡಿಗರೆಲ್ಲರೂ ಬಲ್ಲರು. ಬುದ್ಧಿಶಕ್ತಿಯನ್ನು ಅಳೆಯುವ ಪರೀಕ್ಷೆಗಳನ್ನು ನಮ್ಮ ದೇಶದ ಮಕ್ಕಳಿಗೆ ಒಪ್ಪುವಂತೆ ಅಳವಡಿಸಿದವರಲ್ಲಿ ಅವರು ಅಗ್ರಗಣ್ಯರೆಂಬುದು ಅಷ್ಟಾಗಿ ತಿಳಿದಿಲ್ಲ.

ಮೈಸೂರಿನಲ್ಲಿ ಶಾಸ್ತ್ರವು ಹೀಗೆ ಬೆಳೆಯುತ್ತಿದ್ದಾಗ ರೋಗಿಗಳು ಇದ್ದುದು ಬೆಂಗಳೂರಿನಲ್ಲಿ. ಅಲ್ಲಿ ೧೮೪೭ರಲ್ಲಿ ಸ್ಥಾಪಿತವಾಗಿದ್ದ ಹುಚ್ಚರ ಆಶ್ರಯವು ೧೯೨೫ರಲ್ಲಿ ‘ಮಾನಸಿಕ ಆಸ್ಪತ್ರೆ’ ಎಂಬ ಗೌರವದ ಹೆಸರನ್ನು ಪಡೆದು, ೧೯೩೦ರ ದಶಕದಲ್ಲಿ ಲಕ್ಕಸಂದ್ರದ ವಿಶಾಲವಾದ ಬಯಲಿಗೆ ಬಂದಿತು. ಒಂದೂರಿನಲ್ಲಿ ವಿದ್ಯೆ, ಇನ್ನೊಂದೂರಿನಲ್ಲಿ ವ್ಯಾಧಿ. ಎರಡನ್ನೂ ಒಂದೇ ಪಾಠಕ್ರಮದಲ್ಲಿ ಕೂಡಿಸುವ ಏರ್ಪಾಡು ಇನ್ನೂ ಆಗಿರಲಿಲ್ಲ. ಈ ಕೊರತೆಯು ಮೈಸೂರಿಗೆ ಮಾತ್ರ ಸೇರಿದ್ದಲ್ಲ, ದೇಶಕ್ಕೆಲ್ಲ ಸೇರಿದ್ದು. ೧೯೪೩ರಲ್ಲಿ ನೇಮಕವಾದ ಭೋರ್ ಸಮಿತಿಯು ೧೯೪೬ರಲ್ಲಿ ಒಪ್ಪಿಸಿದ ವರದಿಯನ್ನು ನೋಡಿದರೆ ಮನಸ್ಸು ಕಲಕುತ್ತದೆ. ಅಂದಿನ ಇಂಡಿಯಾದಲ್ಲಿದ್ದ ಮಾನಸಿಕ ಆಸ್ಪತ್ರೆಗಳು ೧೯. ಅವುಗಳಲ್ಲಿದ್ದ ಹಾಸಿಗೆಗಳು ೧೦,೧೮೧. ಇಂಗ್ಲೆಂಡಿನಲ್ಲಿ ಸುಮಾರು ೩೦೦ ಜನಕ್ಕೆ ಒಂದು ಹಾಸಿಗೆಯಿದ್ದರೆ ಇಲ್ಲಿ ಸುಮಾರು ೪೦,೦೦೦ ಜನಕ್ಕೆ ಒಂದು. ಆಸ್ಪತ್ರೆಗಳನ್ನು ಕಟ್ಟಿಸಿದರೂ ಅಲ್ಲಿ ಕೆಲಸ ಮಾಡಬಲ್ಲ ಜನರೆಲ್ಲಿ? ಆದುದರಿಂದ ವೈದ್ಯರಿಗೂ ವೈದ್ಯರಲ್ಲದ ಸಹಾಯಕರಿಗೂ ಮಾನಸಿಕ ಆರೋಗ್ಯದಲ್ಲಿ ಶಿಕ್ಷಣ ದೊರೆಯಬೇಕೆಂದು ಸಮಿತಿಯು ಸಲಹೆ ಮಾಡಿತು.

ಇದೇ ಸಮಸ್ಯೆ ಆ ವೇಳೆಗೆ ಅಮೆರಿಕವನ್ನೂ ಕಾಡುತ್ತಿದ್ದಿತು. ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ಸೈನಿಕರಲ್ಲಿ ಮನಸ್ಸು ಮುರಿದವರು ಅಸಂಖ್ಯರು, ಚಿಕಿತ್ಸಕರು ಬೆರಳೆಣಿಕೆ. ೧೯೪೯ರಲ್ಲಿ ಕೊಲರಾಡೊ ಪ್ರಾಂತದ ಬೌಲ್ಡರ್ ಎಂಬ ಊರಿನಲ್ಲಿ ಎರಡು ವಾರಗಳ ಕಾಲ ಸೇರಿದ ಸಮ್ಮೇಲನವು, ಚಿಕಿತ್ಸಾ ಮನಶ್ಶಾಸ್ತ್ರಜ್ಞನು ಸಂಶೋಧಕನೂ ಆಗಿರಬೇಕು, ಚಿಕಿತ್ಸಕನೂ ಆಗಿರಬೇಕು, ವಿಶ್ವವಿದ್ಯಾನಿಲಯದ ಡಾಕ್ಟರೇಟಿನೊಡನೆ ಆಸ್ಪತ್ರೆಯಲ್ಲಿ ಒಂದು ವರ್ಷದ ಅಭ್ಯಾಸವೂ ನಡೆಯಬೇಕು ಎಂದು ಗೊತ್ತುಮಾಡಿತು. ಸಂಶೋಧನೆಯ ಭಾರ ಅತಿಯಾಯಿತೆಂದು ಭಾವಿಸಿದವರು ೧೯೭೩ರಲ್ಲಿ ಅದೇ ಪ್ರಾಂತದ ವೇಲ್ ಎಂಬಲ್ಲಿ ಸೇರಿ, ಚಿಕಿತ್ಸೆಗೇ ಪ್ರಾಧಾನ್ಯ ಕೊಡುವ ಬೇರೊಂದು ಡಾಕ್ಟರೇಟಿಗೆ ಮನ್ನಣೆ ಕೊಟ್ಟರು. ಎರಡು ಪಕ್ಷದವರಿಗೂ ವಿವಾದವಿದ್ದುದು ಸಂಶೋಧನೆಯ ಪ್ರಮಾಣದಲ್ಲಿ; ಗುರುವಿನ ಕಣ್ಣೆದುರಿನ ಅಭ್ಯಾಸದ ವಿಷಯದಲ್ಲಿ ವಿವಾದವೇ ಇರಲಿಲ್ಲ. ಇದಕ್ಕೆ ಮುಂಚೆಯೇ ಕಾರ್ಲ್ ರೋಜರ್ಸ್ ಎಂಬ ಪ್ರಾಧ್ಯಾಪಕನು ಚಿಕಿತ್ಸೆಯ ಮಾತುಕತೆಯನ್ನು ಧ್ವನಿಮುದ್ರಿಸಿ, ಒಬ್ಬ ರೋಗಿಯ ಸಂಪೂರ್ಣ ಸಂಭಾಷಣೆಯನ್ನು ಅಕ್ಷರಶಃ ೧೯೪೨ರ ತನ್ನ ಪುಸ್ತಕದಲ್ಲಿ ಪ್ರಕಟಿಸಿದ್ದನು. ಮುಚ್ಚಿದ ಕೋಣೆಯಲ್ಲಿ ಗುರುವು ಏನು ಮಾಡುತ್ತಾನೆಂಬುದನ್ನು ಶಿಷ್ಯರು ಕಿವಿಯಾರೆ ಕೇಳಿ ಗುಣದೋಷಗಳನ್ನು ಚರ್ಚಿಸುವ ಮಾರ್ಗವು ಅದರಿಂದ ತೆರೆಯಿತು.

ನಮ್ಮಲ್ಲಿ ವಿದ್ಯೆಯೂ ವ್ಯಾಧಿಯೂ ಒಂದೆಡೆ ಸೇರಿದ ಪುಣ್ಯಸ್ಥಳ ಬೆಂಗಳೂರು. ೧೯೫೪ರ ಡಿಸೆಂಬರಿನಲ್ಲಿ ಮೇಲೆ ಹೇಳಿದ ಆಸ್ಪತ್ರೆಯ ಆವರಣದಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಆರಂಭವಾಯಿತು. ಅದರ ಮೊದಲ ನಿರ್ದೇಶಕರು ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಗಳು. ಹೆಸರಿನ ಸಾಮ್ಯದಿಂದ ಇವರನ್ನೂ ಮೈಸೂರಿನ ಗೋಪಾಲಸ್ವಾಮಿಗಳನ್ನೂ ವಾಚಕರು ಒಬ್ಬರೆಂದು ಭ್ರಮಿಸಬಾರದು. ೧೯೫೫ರಲ್ಲಿ ಅಲ್ಲಿ ವೈದ್ಯರಿಗಾಗಿ ಒಂದು ಡಿಪ್ಲೊಮವೂ, ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದವರಿಗಾಗಿ ಇನ್ನೊಂದು ಡಿಪ್ಲೊಮವೂ ಒಟ್ಟಿಗೇ ಆರಂಭವಾದವು. ವೈದ್ಯನೂ ಮನಶ್ಶಾಸ್ತ್ರಜ್ಞನೂ ಒಂದೇ ಆಸ್ಪತ್ರೆಯ ವಾರ್ಡಿನಲ್ಲಿ, ಒಂದೇ ರೋಗಿಯನ್ನು ಮುಂದಿಟ್ಟುಕೊಂಡು ಕಲಿಯುವ ಕ್ರಮವು ಹೀಗೆ ನಮ್ಮ ನಾಡಿನಲ್ಲಿ ಬೇರೂರಿತು. ರಾಂಚಿಯ ಮಾನಸಿಕ ಆಸ್ಪತ್ರೆಯಲ್ಲಿಯೂ ೧೯೬೨ರಲ್ಲಿ ಇಂತಹ ಶಿಕ್ಷಣವು ಮೊದಲಾಯಿತು. ಮುಂದೆ ಈ ಡಿಪ್ಲೊಮವು ಎರಡು ವರ್ಷಗಳ ಎಂ.ಫಿಲ್. ಪದವಿಯಾಗಿ ಮಾರ್ಪಟ್ಟಿತು. ೧೯೭೪ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ಇಂದು ನಾವು ನಿಮ್ಹಾನ್ಸ್ ಎಂದು ಕರೆಯುವ ಮಹಾಸಂಸ್ಥೆಯಾಯಿತು. ಸಮಾಜಕಾರ್ಯದ ಶಾಖೆಗಾದರೋ ಮೂಲಸ್ಥಾನ ಬೊಂಬಾಯಿ. ಅಲ್ಲಿ ೧೯೩೬ರಲ್ಲಿ ಟಾಟಾ ಮನೆತನದ ದತ್ತಿಯಿಂದ ಸ್ಥಾಪಿತವಾದ ಸಮಾಜಸೇವಾ ವಿದ್ಯಾಲಯವು ಮರುವರ್ಷವೇ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವೊಂದನ್ನು ತೆರೆದಿದ್ದಿತು.

ವಿದ್ಯೆ ಬೆಳೆದಂತೆ ಅದರ ಹೆಸರಿನಲ್ಲಿ ವಂಚನೆಯೂ ಬೆಳೆಯುವುದು ಲೋಕಸಹಜ. ಅದನ್ನು ತಡೆಯುವುದಕ್ಕೆ ಕಾನೂನು ಬೇಕಾಯಿತು. ೧೯೯೨ರ ಭಾರತೀಯ ಪುನರ್ವಸತಿ ಪರಿಷತ್ತಿನ ಅಧಿನಿಯಮವು ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಹೆಸರುಗಳನ್ನು ಒಂದು ಪಟ್ಟಿಯಲ್ಲಿ ನೋಂದಾಯಿಸುವ ಪದ್ಧತಿಯನ್ನು ತಂದಿತು. ನೋಂದಣಿಯಿಲ್ಲದೆ ಆ ವೃತ್ತಿಯನ್ನು ನಡೆಸುವವನಿಗೆ ಸೆರೆಮನೆಯ ಶಿಕ್ಷೆಯನ್ನೂ ವಿಧಿಸಬಹುದೆಂದು ಹೇಳಿತು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಚಿಕಿತ್ಸಾ ಮನಶ್ಶಾಸ್ತ್ರಜ್ಞನೆಂದರೆ ಯಾರೆಂಬುದನ್ನು ನಿರೂಪಿಸುವಾಗ, ಪರಿಷತ್ತಿನ ಮನ್ನಣೆ ಪಡೆದ ಅರ್ಹತೆಯನ್ನು ಕೇಳಿತು, ಎಂ.ಫಿಲ್. ಪದವಿಯನ್ನು ಹೇಳುವಲ್ಲಿ, ಅದು ಎರಡು ವರ್ಷಗಳ ಪೂರ್ಣಾವಧಿಯದಾಗಿದ್ದು ಮೇಲ್ವಿಚಾರಣೆಯ ಚಿಕಿತ್ಸಾ ತರಬೇತಿಯನ್ನು ಒಳಗೊಂಡಿರಬೇಕೆಂದು ಸ್ಪಷ್ಟವಾಗಿ ನುಡಿಯಿತು. ಬರ್ಲಿನ್ನಿನ ಒಂದು ಸಣ್ಣ ಆರೋಗ್ಯಶಾಲೆಯಲ್ಲಿ ೧೯೨೦ರ ಸುಮಾರಿಗೆ ರೂಢಿಗೆ ಬಂದ ನಿಯಮವು ತೊಂಬತ್ತೇಳು ವರ್ಷಗಳ ಬಳಿಕ ಭಾರತದ ಸಂಸತ್ತಿನ ಬಾಯಲ್ಲಿ ಬಂದಿತು. ೨೦೨೧ರ ಇನ್ನೊಂದು ಅಧಿನಿಯಮವು ಇತರ ಮನಶ್ಶಾಸ್ತ್ರಜ್ಞರು, ಸಮಾಜಕಾರ್ಯಕರ್ತರು, ಸಲಹೆಗಾರರು ಇವರನ್ನೂ ಒಂದು ರಾಷ್ಟ್ರೀಯ ಆಯೋಗದ ವ್ಯಾಪ್ತಿಗೆ ತಂದಿತು.

ಇಷ್ಟರಲ್ಲಿ ಪದವಿಯ ಹೆಸರೇ ಅಲುಗಾಡಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೨ರ ನಿಯಮಗಳಿಂದ ಎಂ.ಫಿಲ್. ಪದವಿಯನ್ನು ನಿಲ್ಲಿಸಿತು. ಚಿಕಿತ್ಸಾ ಮನಶ್ಶಾಸ್ತ್ರ, ಮನೋರೋಗ ಸಮಾಜಕಾರ್ಯ ಈ ಎರಡಕ್ಕೆ ಮಾತ್ರ ೨೦೨೪ರಲ್ಲಿ ವಿನಾಯಿತಿಯನ್ನು ಕೊಟ್ಟು, ೨೦೨೫–೨೬ರ ಸಾಲಿನವರೆಗೆ ಅದು ಸಲ್ಲುವುದೆಂದು ಪ್ರಕಟಿಸಿತು. ಆದುದರಿಂದ ಅಣ್ಣನೋ ಅಕ್ಕನೋ ಓದಿದ ಪದವಿಯ ಹೆಸರನ್ನೇ ಹಿಡಿದು ತಮ್ಮಂದಿರು ತಂಗಿಯರು ವಿದ್ಯಾಲಯವನ್ನು ಹುಡುಕುವಂತಿಲ್ಲ. ಹೆಸರು ಹೋಗುವುದು, ಹೊಸ ಹೆಸರು ಬರುವುದು. ಒಳಗಿನ ವಸ್ತುವನ್ನು ನೋಡಿಯೇ ಬೆಲೆ ಕಟ್ಟಬೇಕು.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ನಿಮ್ಹಾನ್ಸಿನ ನೇತೃತ್ವದಲ್ಲಿ ೨೦೧೫–೧೬ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಪ್ರಾಪ್ತವಯಸ್ಕರಲ್ಲಿ ನೂರಕ್ಕೆ ೧೦.೬ ಮಂದಿಗೆ ಒಂದಲ್ಲ ಒಂದು ಮನೋವ್ಯಾಧಿಯಿದ್ದಿತು. ವ್ಯಾಧಿಯ ಬಗೆಯನ್ನನುಸರಿಸಿ ನೂರರಲ್ಲಿ ೭೦ರಿಂದ ೯೨ ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಮನೆ ಉರಿಯುತ್ತಿರುವಾಗ ವರ್ಷಗಟ್ಟಲೆ ಶಿಕ್ಷಣವನ್ನು ಕೇಳುವುದು ನ್ಯಾಯವೆ, ಕೆಲವು ತಿಂಗಳ ತರಬೇತಿಯವರಾದರೂ ನೀರು ಹೊತ್ತು ತರಲಿ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ತಳ್ಳಿಹಾಕುವಂತಿಲ್ಲ. ಇದಕ್ಕೆ ಉತ್ತರವೂ ನಮ್ಮ ನಾಡಿನ ಇತಿಹಾಸದಲ್ಲಿಯೇ ಇದೆ. ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸಿನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಸ್ವಲ್ಪಕಾಲದ ಶಿಕ್ಷಣವನ್ನು ಕೊಟ್ಟು, ಮನೋರೋಗಿಗಳನ್ನು ಗುರುತಿಸಿ ಊರಿನ ಸಮೀಪದಲ್ಲಿಯೇ ಉಪಚರಿಸುವಂತೆ ಮಾಡಿದರು. ೧೯೯೬ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಆದರೆ ಅಲ್ಲಿಯ ಕಾರ್ಯಕರ್ತನು ತನ್ನ ಎಲ್ಲೆಯನ್ನು ಅರಿತಿದ್ದನು. ಮೀರಿದ ರೋಗವನ್ನು ಬಲ್ಲವರ ಬಳಿಗೆ ಕಳುಹಿಸುವ ವ್ಯವಸ್ಥೆ ಅವನ ಬೆನ್ನಿಗಿದ್ದಿತು. ಶಿಕ್ಷಣವು ಅಲ್ಪವಾದರೂ ಮೇಲ್ವಿಚಾರಣೆಯಿದ್ದರೆ ಉಪಕಾರವುಂಟು. ಮೇಲ್ವಿಚಾರಣೆಯಿಲ್ಲದೆ ತನ್ನನ್ನು ತಾನೇ ಪಂಡಿತನೆಂದು ಬಗೆದವನಿಂದ ಅಪಾಯವುಂಟು.

ಹಾಗಾದರೆ ವಿದ್ಯಾಲಯವನ್ನು ಆರಿಸತಕ್ಕ ವಿದ್ಯಾರ್ಥಿಯು ಏನನ್ನು ವಿಚಾರಿಸಬೇಕು? ಮೊದಲನೆಯದಾಗಿ, ತಾನು ಮೇಲೆ ಹೇಳಿದ ನಾಲ್ವರಲ್ಲಿ ಯಾರಾಗಬೇಕೆಂದಿರುವನೋ ಆ ವೃತ್ತಿಗೆ ಆ ಪಾಠಕ್ರಮವು ಕಾನೂನಿನ ಮನ್ನಣೆಯನ್ನು ಪಡೆದಿದೆಯೆ ಎಂಬುದನ್ನು. ಮನ್ನಣೆಯೆಂದರೆ ವಿದ್ಯಾಲಯದ ಪ್ರಕಟಣೆಯಲ್ಲ. ಸಂಬಂಧಪಟ್ಟ ಪರಿಷತ್ತಿನ ಪಟ್ಟಿ. ಎರಡನೆಯದಾಗಿ, ವಿದ್ಯಾಲಯದೊಡನೆ ರೋಗಿಗಳು ಬರುವ ಆಸ್ಪತ್ರೆಯಿದೆಯೆ, ವಿದ್ಯಾರ್ಥಿಯು ವಾರದಲ್ಲಿ ಎಷ್ಟು ಹೊತ್ತು ಅಲ್ಲಿರುತ್ತಾನೆ ಎಂಬುದನ್ನು. ದಡದಲ್ಲಿ ನಿಂತು ಈಜನ್ನು ಕಲಿತವರಿಲ್ಲ. ಮೂರನೆಯದಾಗಿ, ಅವನ ಚಿಕಿತ್ಸೆಯನ್ನು ಗಮನಿಸಿ ತಿದ್ದುವ ಗುರು ಯಾರು, ಒಬ್ಬ ಗುರುವಿಗೆ ಎಷ್ಟು ಶಿಷ್ಯರು ಎಂಬುದನ್ನು. ಭವ್ಯವಾದ ಕಟ್ಟಡ, ದೊಡ್ಡ ಶುಲ್ಕ, ಪರದೇಶದ ಹೆಸರು ಇವು ಈ ಮೂರು ಪ್ರಶ್ನೆಗಳಿಗೆ ಉತ್ತರವಾಗಲಾರವು. ಇಲ್ಲಿ ತಪ್ಪು ಆಯ್ಕೆಯಾದರೆ ನಷ್ಟವಾಗುವುದು ತಂದೆಯ ಹಣವೂ ಮಗಳ ಎರಡು ವರ್ಷಗಳೂ ಮಾತ್ರವಲ್ಲ. ಮುಂದೆ ನಂಬಿ ಬಂದು ಎದುರಿಗೆ ಕುಳಿತುಕೊಳ್ಳುವ ದುಃಖಿಯ ಜೀವವೂ ಅದರಲ್ಲಿ ಅಡಗಿದೆ.

ನಾಲ್ಕನೆಯ ವಿಚಾರವೊಂದುಂಟು, ಅದನ್ನು ಯಾವ ಪರಿಷತ್ತೂ ಕೇಳುವುದಿಲ್ಲ. ಈ ಚಿಕಿತ್ಸೆಯ ಔಷಧ ಮಾತು. ನಮ್ಮ ರೋಗಿಯು ತನ್ನ ಸಂಕಟವನ್ನು ಪಠ್ಯಪುಸ್ತಕದ ಇಂಗ್ಲಿಷಿನಲ್ಲಿ ಹೇಳುವುದಿಲ್ಲ. ಎದೆ ಭಾರ, ಹೊಟ್ಟೆಯಲ್ಲಿ ಸಂಕಟ, ಯಾವುದರಲ್ಲಿಯೂ ಮನಸ್ಸಿಲ್ಲ, ಯಾಕೋ ಬೇಸರ ಎನ್ನುತ್ತಾನೆ. ಆ ಒಂದೊಂದು ನುಡಿಯ ಹಿಂದೆ ಏನಿದೆಯೆಂಬುದನ್ನು ಅರಿಯದವನಿಗೆ ಎಷ್ಟು ಪದವಿಗಳಿದ್ದರೂ ರೋಗವು ಕೈಗೆ ಸಿಕ್ಕದು. ‘ರಾಶಿ’ ಎಂಬ ಹೆಸರಿನಿಂದ ಕನ್ನಡಿಗರನ್ನು ನಗಿಸಿದ ಡಾಕ್ಟರ್ ಎಂ. ಶಿವರಾಂ ಅವರು ‘ಮನಮಂಥನ’ವೆಂಬ ಗ್ರಂಥದಲ್ಲಿ ಮನೋವೈದ್ಯವನ್ನು ಕನ್ನಡದಲ್ಲಿಯೇ ನಿರೂಪಿಸಿ, ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರರಾದರು. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಸಿ. ಆರ್. ಚಂದ್ರಶೇಖರ್ ಅವರು ಹಲವಾರು ಪುಸ್ತಕಗಳಿಂದ ಆ ಕಾರ್ಯವನ್ನು ಮುಂದುವರಿಸಿದ್ದಾರೆ. ಮನೋಚಿಕಿತ್ಸಕನಾಗಬಯಸುವ ಕನ್ನಡಿಗನು ಇಂತಹ ಗ್ರಂಥಗಳನ್ನೂ ನಮ್ಮ ಕಾದಂಬರಿಗಳನ್ನೂ ಗಾದೆಗಳನ್ನೂ ತನ್ನ ಪಾಠಕ್ರಮದ ಒಂದು ಭಾಗವೆಂದೇ ಎಣಿಸಬೇಕು.

ವೈದ್ಯನಾದ ಬೋಸರು ಮತ್ತೆ ವಿದ್ಯಾರ್ಥಿಯಾಗಿ ವಿಶ್ವವಿದ್ಯಾನಿಲಯದ ಬೆಂಚಿನ ಮೇಲೆ ಕುಳಿತರು. ಸಾಹಿತ್ಯವನ್ನೋದಿದ ರೈಕನು ರೋಗಿಯ ಬಳಿಗೆ ಬಂದನು. ಹೊರಟ ಬಾಗಿಲುಗಳು ಬೇರೆಯಾದರೂ ಇಬ್ಬರೂ ಸೇರಿದ ಸ್ಥಳವು ಒಂದೇ: ಸಂಕಟಪಡುವ ಒಬ್ಬ ಮನುಷ್ಯನ ಎದುರು. ಯಾವ ವಿದ್ಯಾಲಯವು ತನ್ನ ಶಿಷ್ಯನನ್ನು ಅಲ್ಲಿಗೆ ಕೈಹಿಡಿದು ಕರೆದೊಯ್ದು, ಅವನು ಕಾಲಿಡುವ ಮೊದಲ ಹೆಜ್ಜೆಗಳಲ್ಲಿ ಪಕ್ಕದಲ್ಲಿ ನಿಲ್ಲುವುದೋ ಆ ವಿದ್ಯಾಲಯವನ್ನೇ ನಮ್ಮ ಮಕ್ಕಳು ಆರಿಸಿಕೊಳ್ಳಲಿ. ಅಂತಹ ವಿದ್ಯಾಲಯಗಳು ಬೆಂಗಳೂರೊಂದರಲ್ಲಿ ಮಾತ್ರವಲ್ಲದೆ ನಾಡಿನ ಪ್ರತಿಯೊಂದು ಜಿಲ್ಲೆಯ ಆಸ್ಪತ್ರೆಯ ನೆರಳಿನಲ್ಲಿಯೂ ಬೆಳೆಯುವಂತೆ ಮಾಡುವುದು ವಿದ್ಯಾವಂತರಾದ ನಮ್ಮೆಲ್ಲರ ಕರ್ತವ್ಯವಾಗಿದೆ.